ಕುಂಬಳಕಾಯಿ ಕಳ್ಳ ಅಂದರೆ ನಾವ್ಯಾಕೆ ಹೆಗಲು ಮುಟ್ಟಿಕೊಳ್ಳುವುದು?

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಊರಿನ ವಾಟ್ಸಾಪ್ ಗ್ರೂಪುಗಳಿಗೆ ಒಂದು ಮೆಸೇಜು ತಪ್ಪದೆ ಬರುತ್ತದೆ. ಯಾವುದೋ ಶಾಲೆಯ ಮಕ್ಕಳು ಕಪ್ಪು ಟೊಪ್ಪಿ ಹಾಕಿ, ಮುಖಕ್ಕೆ ಬಿಳಿ ಬಣ್ಣ ಬಳಿದು, ಕಣ್ಣು ಬಾಯಿ ಕೊರೆದ ಕುಂಬಳಕಾಯಿಯ ಪಕ್ಕ ನಿಂತ ಫೋಟೋ. ಕೆಳಗೆ ಸಿಟ್ಟಿನ ನಾಲ್ಕು ಸಾಲು. ಇದು ದೆವ್ವಗಳ ಹಬ್ಬ, ವಿದೇಶಿ ಹಬ್ಬ, ನಮ್ಮ ಸಂಸ್ಕೃತಿ ಹಾಳಾಯಿತು, ಎಲ್ಲರಿಗೂ ಕಳಿಸಿ.

ಅಲೆವೂರಿನವರಿಗೆ ಈ ಹ್ಯಾಲೋವೀನ್ ದೂರದ ಸುದ್ದಿ ಅಲ್ಲ. ಪಕ್ಕದಲ್ಲೇ ಮಣಿಪಾಲ ಉಂಟು. ದೇಶದ ಎಲ್ಲ ಮೂಲೆಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಅವರು ಅಕ್ಟೋಬರ್ 31ರ ರಾತ್ರಿ ಪ್ರೇತದ ವೇಷ ಹಾಕಿ ಕೂಗಾಡಿದರೆ ಮಾರನೇ ದಿನ ನಮ್ಮ ಹೋಟೆಲುಗಳಲ್ಲಿ ಚಾ ಜೊತೆ ಅದೇ ಮಾತು. ನಾವೂ ಆ ಮೆಸೇಜನ್ನು ಓದಿದ್ದೇವೆ. ನಮ್ಮಲ್ಲಿ ಒಬ್ಬಿಬ್ಬರು ಹಿಂದೆ ಅದನ್ನು ಮುಂದಕ್ಕೆ ಕಳಿಸಿದ್ದೂ ಉಂಟು. ಇನ್ನು ಕಳಿಸುವುದಿಲ್ಲ. ಯಾಕೆ ಎಂದು ಇಲ್ಲಿ ಹೇಳುತ್ತೇವೆ. ಕೊನೆಯಲ್ಲಿ, ನಿಜವಾಗಿ ಸಿಟ್ಟು ಬರಬೇಕಾದ ಒಂದು ವೇಷದ ಬಗ್ಗೆಯೂ ಹೇಳುತ್ತೇವೆ. ಅದು ಅಮೆರಿಕದ್ದಲ್ಲ, ನಮ್ಮದು.

ಮೂರು ದಿನ, ಎರಡು ಹಬ್ಬ

2024ರ ಕ್ಯಾಲೆಂಡರ್ ನೆನಪು ಮಾಡಿಕೊಳ್ಳಿ. ಅಕ್ಟೋಬರ್ 31ಕ್ಕೆ ನರಕ ಚತುರ್ದಶಿ. ಅದೇ ದಿನ ಹ್ಯಾಲೋವೀನ್. ನವೆಂಬರ್ 2ಕ್ಕೆ ಬಲಿಪಾಡ್ಯಮಿ. ಅದೇ ದಿನ ಕ್ರೈಸ್ತರು ಸತ್ತವರನ್ನು ಸ್ಮರಿಸುವ ದಿನ. ಆ ವರ್ಷ ತಿಥಿ ಮತ್ತು ತಾರೀಕು ಕೂಡಿ ಬಂದದ್ದು ಆಕಸ್ಮಿಕ. ಆದರೆ ಎರಡೂ ಹಬ್ಬಗಳು ವರ್ಷದ ಒಂದೇ ಹೊತ್ತಿನಲ್ಲಿ ಬರುವುದಕ್ಕೆ ಕಾರಣ ಉಂಟು. ಬೆಳೆ ಮನೆಗೆ ಬಂದಿರುತ್ತದೆ, ಹಗಲು ಚಿಕ್ಕದಾಗುತ್ತಾ ಬರುತ್ತದೆ. ಹೊಟ್ಟೆ ತುಂಬಿದ ಮೇಲೆ, ಈ ಊಟಕ್ಕೆ ಇಲ್ಲದೆ ಹೋದವರ ನೆನಪು ಯಾವ ಊರಿನ ಮನುಷ್ಯನಿಗಾದರೂ ಬರುತ್ತದೆ.

ಹ್ಯಾಲೋವೀನಿನ ಮೂಲ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕಡೆಯ ರೈತರ ಹಳೆಯ ಹಬ್ಬದಲ್ಲಿ ಉಂಟು. ಅದರ ಹೆಸರಿನ ಉಚ್ಚಾರ ಹೆಚ್ಚುಕಡಿಮೆ 'ಸಾವಿನ್'. ನಮ್ಮ 'ಸಾವು' ಎಂಬ ಶಬ್ದಕ್ಕೂ ಅದಕ್ಕೂ ಸಂಬಂಧ ಇಲ್ಲ, ಕಿವಿಗೆ ಹಾಗೆ ಕೇಳುತ್ತದೆ ಅಷ್ಟೆ. ಬೇಸಿಗೆ ಮುಗಿಯಿತು, ದನಗಳನ್ನು ಮೇವಿನ ಗುಡ್ಡದಿಂದ ಕೆಳಗೆ ತನ್ನಿ, ಚಳಿ ಬರುತ್ತದೆ ಎನ್ನುವ ಹೊತ್ತು ಅದು. ಆ ರಾತ್ರಿ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ ಅವರದ್ದು.

ಮುಂದೆ ಕ್ರೈಸ್ತ ಧರ್ಮ ಅಲ್ಲಿ ಬೇರೂರಿತು. ನವೆಂಬರ್ 1 ಎಲ್ಲ ಸಂತರ ದಿನ, ನವೆಂಬರ್ 2 ಎಲ್ಲ ಆತ್ಮಗಳ ದಿನ ಎಂದಾಯಿತು. ಸಂತರ ದಿನದ ಹಿಂದಿನ ಸಂಜೆಯೇ ಹ್ಯಾಲೋವೀನ್. ಇಂಗ್ಲೆಂಡಿನ ಬಡವರು ಆ ದಿನಗಳಲ್ಲಿ ಮನೆ ಮನೆಗೆ ಹೋಗಿ, ನಿಮ್ಮ ಮನೆಯ ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ ಎಂದು ಹೇಳಿ ಸಣ್ಣ ರೊಟ್ಟಿಗಳನ್ನು ಪಡೆಯುತ್ತಿದ್ದರು. ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿ ವೇಷ ಹಾಕಿ ಮನೆ ಸುತ್ತುವ ರೂಢಿ ಇತ್ತು. ದೀಪ ಇಡಲು ಅವರು ಕೊರೆಯುತ್ತಿದ್ದದ್ದು ಕುಂಬಳಕಾಯಿ ಅಲ್ಲ, ಮೂಲಂಗಿಯ ಜಾತಿಯ ಒಂದು ದಪ್ಪ ಗಡ್ಡೆ.

1845ರಿಂದ ಐರ್ಲೆಂಡಿನಲ್ಲಿ ಬಟಾಟೆ ಬೆಳೆ ಕೊಳೆತು ಏಳು ವರ್ಷ ಭೀಕರ ಬರ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು. ಅಮೆರಿಕಕ್ಕೆ ಹೋದವರ ಜೊತೆ ಹಬ್ಬವೂ ಹಡಗು ಹತ್ತಿತು. ಅಲ್ಲಿ ಗಡ್ಡೆಗಿಂತ ಕುಂಬಳಕಾಯಿ ಸುಲಭವಾಗಿ ಸಿಗುತ್ತಿತ್ತು, ಕೊರೆಯುವುದೂ ಸುಲಭ. ಹಾಗೆ ಕುಂಬಳಕಾಯಿ ಬಂತು. ಮಿಠಾಯಿ ಬಂದದ್ದು ಇನ್ನೂ ತಡವಾಗಿ. ಮಕ್ಕಳು ಬಾಗಿಲು ಬಡಿದು 'ಸಿಹಿ ಕೊಡ್ತೀರಾ, ಇಲ್ಲ ಕಿತಾಪತಿ ಮಾಡಬೇಕಾ' ಎಂದು ಕೇಳುವುದು 1920ರ, 30ರ ದಶಕಗಳಲ್ಲಿ ಹಬ್ಬಿತು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಶನ್ ಬಂದು ತಣ್ಣಗಾಯಿತು. ಯುದ್ಧ ಮುಗಿದ ಮೇಲೆ ಮಿಠಾಯಿ ಕಂಪೆನಿಗಳು ಅದನ್ನು ಎತ್ತಿ ಹಿಡಿದವು.

ಅಂದರೆ ಮಣಿಪಾಲಕ್ಕೆ ಬಂದು ಮುಟ್ಟಿರುವ ಹಬ್ಬ ಹಸಿದವರ ಹಬ್ಬ, ವಲಸೆ ಹೋದವರ ಹಬ್ಬ, ಆಮೇಲೆ ಅಂಗಡಿಯವರ ಹಬ್ಬ. ಅದೇ ಬೇರಿನ ಇನ್ನೊಂದು ಕೊಂಬೆಯನ್ನು ನೋಡಬೇಕಾದರೆ ನವೆಂಬರ್ 2ಕ್ಕೆ ಕಲ್ಯಾಣಪುರ, ಉದ್ಯಾವರ, ಶಿರ್ವದ ಇಗರ್ಜಿಗಳ ಹತ್ತಿರ ಹೋಗಿ. ಸಮಾಧಿಗಳನ್ನು ಗುಡಿಸಿ, ಹೂ ಇಟ್ಟು, ಕ್ಯಾಂಡಲ್ ಹಚ್ಚುತ್ತಾರೆ. ಕೂಗಾಟ ಇಲ್ಲ, ಭಯ ಇಲ್ಲ. ಅದರ ಬಗ್ಗೆ ಯಾರೂ ಎಚ್ಚರಿಕೆಯ ಮೆಸೇಜು ಕಳಿಸುವುದಿಲ್ಲ. ನಮ್ಮ ನೆರೆಮನೆಯವರು ಮಾಡುವುದು ಎಂದು ನಮಗೆ ಗೊತ್ತು.

ನಮ್ಮಲ್ಲಿ ಇಲ್ಲದ್ದು ಏನು?

ಈಗ ನಮ್ಮ ಅಂಗಳಕ್ಕೆ ಬನ್ನಿ. ಆಟಿ ತಿಂಗಳಲ್ಲಿ ನಲಿಕೆ ಸಮುದಾಯದವರು ಕಳೆಂಜನ ವೇಷ ಕಟ್ಟಿ, ತೆಂಬರೆ ಬಡಿಯುತ್ತಾ, ಓಲೆ ಕೊಡೆ ತಿರುಗಿಸುತ್ತಾ ಮನೆ ಮನೆಗೆ ಬರುತ್ತಾರೆ. ಮಾರಿ ಕಳೆದು ಹೋಗಲಿ ಎಂದು ಕುಣಿಯುತ್ತಾರೆ. ಮನೆಯವರು ಅಕ್ಕಿ, ತೆಂಗಿನಕಾಯಿ ಕೊಡುತ್ತಾರೆ. ಆಟಿ ಎಂದರೆ ಹಿಂದೆ ಹಸಿವಿನ ತಿಂಗಳು. ಇಂಗ್ಲೆಂಡಿನ ಬಡವರ ರೊಟ್ಟಿಗೂ ಕಳೆಂಜನ ಅಕ್ಕಿಗೂ ವ್ಯತ್ಯಾಸ ಎಷ್ಟು?

ಮದುವೆಯಾಗದೆ ಸತ್ತ ಮಕ್ಕಳಿಗೆ ಹೆಣ್ಣು ಗಂಡು ಹುಡುಕಿ ಕುಲೆ ಮದಿಮೆ ಮಾಡುವವರು ನಾವು. ಪರ್ಬದ ಅಮಾವಾಸ್ಯೆಗೆ ಬಾಳೆಎಲೆ ಹಾಕಿ, ತೀರಿಹೋದವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಓರೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ಮನೆಗಳು ಇಂದಿಗೂ ಉಂಟು. ಆಮೇಲೆ ಬಲೀಂದ್ರ. ಹಾಲೆಯ ಕಂಬಕ್ಕೆ ಹೂ ಕಟ್ಟಿ, ದೀಪ ಇಟ್ಟು, ಗದ್ದೆಯ ಬದುವಿನಲ್ಲಿ ನಿಂತು 'ಕೂ' ಎಂದು ಕರೆಯುತ್ತೇವೆ. ಯಾರನ್ನು? ಮೋಸದಿಂದ ರಾಜ್ಯ ಕಳೆದುಕೊಂಡು ಪಾತಾಳಕ್ಕೆ ಹೋದ ಅರಸನನ್ನು. ಆಗದ ಮಾತುಗಳೆಲ್ಲ ಆದ ದಿನ ನಿನ್ನ ರಾಜ್ಯ ನಿನಗೆ, ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬಂದು ನೋಡಿಕೊಂಡು ಹೋಗು ಎಂದು ಅವನಿಗೆ ಹೇಳಿ ಕಳಿಸಿದ ಕತೆ ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತು.

ಘಟ್ಟ ಹತ್ತಿದರೆ ಸಾಗರ, ತೀರ್ಥಹಳ್ಳಿ ಕಡೆ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ಹಚ್ಚಿದ ದೀಪ ಆರದಂತೆ ಹಿಡಿದು, ಹಾಡುತ್ತಾ ಮನೆ ಮನೆಗೆ ಹೋಗುತ್ತಾರೆ. ನಮ್ಮ ಕಡೆ ಮಾರ್ನೆಮಿಗೆ ಹುಲಿ, ಕರಡಿ, ಸಿಂಹ, ಶಿಕಾರಿ, ಪೊಲೀಸ್, ಡಾಕ್ಟರ್, ಹೆಣ್ಣು ವೇಷ. ಅಂಗಳಕ್ಕೆ ಬಂದು ಕುಣಿದು, ಮಕ್ಕಳನ್ನು ಹೆದರಿಸಿ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಅಮೆರಿಕದ ಮಗು ಮಿಠಾಯಿಗೆ ಬಾಗಿಲು ಬಡಿಯುತ್ತದೆ. ನಮ್ಮ ಹುಲಿ ತಾಸೆಯ ಶಬ್ದದ ಜೊತೆ ಅಂಗಳಕ್ಕೇ ನುಗ್ಗುತ್ತದೆ. ಹೆದರಿಸುವುದರಲ್ಲಿ ನಾವೇ ಒಂದು ಕೈ ಮೇಲು ಮಾರಾಯ್ರೆ.

'ದೆವ್ವ' ಎಂಬ ಮಾತು ನಮಗೂ ಅಂಟಿತ್ತು

ಅವರ ಹಬ್ಬವನ್ನು ದೆವ್ವದ ಪೂಜೆ ಎಂದು ಬೈಯುವ ಮೊದಲು ಇದು ನೆನಪಿರಲಿ. ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ಎ. ಸಿ. ಬರ್ನೆಲ್ ಎಂಬ ವಿದ್ವಾಂಸರು ನಮ್ಮ ಭೂತಾರಾಧನೆಯ ಬಗ್ಗೆ ಸಂಗ್ರಹಿಸಿದ್ದ ಕಾಗದಗಳು ಅವರು ತೀರಿಹೋದ ಮೇಲೆ 1894ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚಾದವು. ಅದಕ್ಕೆ ಕೊಟ್ಟ ತಲೆಬರಹದ ಅರ್ಥ 'ತುಳುವರ ದೆವ್ವ ಪೂಜೆ'. ನಮ್ಮ ಪಾಡ್ದನಗಳನ್ನು ಉಳಿಸಿಕೊಟ್ಟ ದೊಡ್ಡ ಕೆಲಸ ಅದು, ನಿಜ. ಆದರೆ ನಾವು ಕೈ ಮುಗಿಯುವ ದೈವಗಳಿಗೆ ಹೊರಗಿನವರು ಇಟ್ಟ ಹೆಸರು ದೆವ್ವ.

ಆ ಮಾತು ಓದಿದಾಗ ನಮಗೆ ನೋವಾಗುತ್ತದೆ. ಇನ್ನೊಬ್ಬರ ಹಬ್ಬ ಅರ್ಥವಾಗದಿದ್ದಾಗ ಅದಕ್ಕೆ ದೆವ್ವ ಎಂಬ ಹೆಸರಿಡುವುದು ಸುಲಭ. ನಮಗೆ ಆದ ನೋವನ್ನೇ ನಾವು ಬೆರಳ ತುದಿಯಲ್ಲಿ ನೂರು ಜನಕ್ಕೆ ಹಂಚುತ್ತಿದ್ದೇವೆ.

ಬದಲಾಗದ ಹಬ್ಬ ಯಾವುದು?

'ನಮ್ಮದು ಸಾವಿರಾರು ವರ್ಷದಿಂದ ಹೀಗೇ ಉಂಟು' ಎನ್ನುವವರು ಒಂದು ಹುಲಿ ವೇಷವನ್ನು ಸರಿಯಾಗಿ ನೋಡಲಿ. ಮೈಯ ಬಣ್ಣ ಡಬ್ಬದ ಪೈಂಟ್ ಆಗಿ ಎಷ್ಟೋ ಕಾಲವಾಯಿತು. ಹರಕೆಗೆ ಹಾಕುತ್ತಿದ್ದ ವೇಷ ಈಗ ಸ್ಟೇಜು, ಬಹುಮಾನ, ತೀರ್ಪುಗಾರರು, ಸ್ಪಾನ್ಸರ್ ಬ್ಯಾನರ್ ತನಕ ಬಂದಿದೆ. 2014ರಲ್ಲಿ 'ಉಳಿದವರು ಕಂಡಂತೆ' ಸಿನಿಮಾದ ಹುಲಿ ಕುಣಿದ ಮೇಲೆ ಘಟ್ಟದ ಮೇಲಿನವರಿಗೂ ತಾಸೆ ಗೊತ್ತಾಯಿತು. ಇದರಲ್ಲಿ ಕೆಟ್ಟದ್ದು ಉಂಟು, ಒಳ್ಳೆಯದೂ ಉಂಟು. ಹಬ್ಬ ಬದಲಾಗುವುದು ಎಲ್ಲ ಕಡೆಯ ಕತೆ. ಮೆಕ್ಸಿಕೋದವರು ಸತ್ತವರ ಹಬ್ಬಕ್ಕೆ ಪ್ರಸಿದ್ಧರು. ಆದರೆ ಅಲ್ಲಿನ ರಾಜಧಾನಿಯಲ್ಲಿ ಈಗ ನಡೆಯುವ ದೊಡ್ಡ ಮೆರವಣಿಗೆ ಶುರುವಾದದ್ದು 2016ರಲ್ಲಿ. ಅದರ ಹಿಂದಿನ ವರ್ಷ ಬಂದ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಅಂಥ ಒಂದು ಮೆರವಣಿಗೆ ಇತ್ತು. ಸಿನಿಮಾಕ್ಕಾಗಿ ಕಟ್ಟಿದ್ದನ್ನು ನೋಡಿ ಊರು ನಿಜವಾಗಿಯೂ ಕಟ್ಟಿತು.

ವಿದೇಶಿ ದೆವ್ವ ನಮ್ಮ ಊರಿಗೆ ಬಂದು ಒಳ್ಳೆಯದು ಮಾಡಿದ್ದಕ್ಕೆ ದೂರದ ಉದಾಹರಣೆಯೂ ಬೇಡ. ಕಟಪಾಡಿಯ ರವಿ ಕಟಪಾಡಿಯವರು ನಿಮಗೆಲ್ಲ ಗೊತ್ತು. ಕಟ್ಟಡ ಕೆಲಸ ಮಾಡುವ ಅವರು ಅಷ್ಟಮಿಗೆ ಇಂಗ್ಲಿಷ್ ಸಿನಿಮಾಗಳ ರಾಕ್ಷಸರ ವೇಷ ಹಾಕಿ ಉಡುಪಿ ಸುತ್ತಿದರು. ಸಂಗ್ರಹವಾದ ದುಡ್ಡನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟರು. ಕೌನ್ ಬನೇಗಾ ಕರೋಡ್‌ಪತಿ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡರು. ಆ ವೇಷ ಯಾವ ದೇಶದ್ದು ಎಂದು ಡಬ್ಬಕ್ಕೆ ದುಡ್ಡು ಹಾಕುವಾಗ ಯಾರಾದರೂ ಕೇಳಿದರಾ?

ಹಾಗಾದರೆ ವೇಷದ ಒಳ್ಳೆಯದು ಕೆಟ್ಟದ್ದು ಅದು ಹುಟ್ಟಿದ ಊರಿನ ಮೇಲೆ ನಿಂತಿಲ್ಲ. ನಾವು ಕೇಳಬೇಕಾದದ್ದು ಎರಡೇ ಪ್ರಶ್ನೆ. ಈ ವೇಷ ಯಾರಿಗಾಗಿ? ಈ ನಗುವಿನ ಖರ್ಚು ಯಾರ ತಲೆಯ ಮೇಲೆ?

ಸಿಟ್ಟು ಬರಬೇಕಾದದ್ದು ಇಲ್ಲಿ

ಈ ಎರಡನೇ ಪ್ರಶ್ನೆ ಕೇಳಿದ ಕೂಡಲೇ ನಮ್ಮ ತಲೆ ತಗ್ಗುತ್ತದೆ. ಅಷ್ಟಮಿಗೆ, ಮಾರ್ನೆಮಿಗೆ ನಮ್ಮ ಊರುಗಳಲ್ಲಿ ಮೈಗೆ ಮಸಿ ಬಳಿದು, ಸೊಪ್ಪು ಕಟ್ಟಿಕೊಂಡು, ತಡವರಿಸುವ ಮಾತಾಡುತ್ತಾ, ಕೈ ಚಾಚಿ ಬರುವ ಒಂದು ವೇಷ ಇತ್ತು. ಅದರ ಹೆಸರು ಕೊರಗ ವೇಷ. ಈಗಲೂ ಅಲ್ಲಿ ಇಲ್ಲಿ ತಲೆ ಎತ್ತುತ್ತದೆ. ಮದುವೆಯ ರಾತ್ರಿಯ ತಮಾಷೆಗಳಲ್ಲಿ, ರೀಲ್ಸ್‌ಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬರುತ್ತದೆ.

ಹುಲಿ ವೇಷ ಹಾಕಿದರೆ ಕಾಡಿನ ಹುಲಿಗೆ ಅವಮಾನ ಆಗುವುದಿಲ್ಲ. ಕೊರಗರು ಕಾಡಿನ ಪ್ರಾಣಿಗಳಲ್ಲ. ನಮ್ಮ ಪಂಚಾಯತಿನಲ್ಲಿ ಓಟು ಹಾಕುವ, ನಮ್ಮ ಶಾಲೆಯ ಬೆಂಚಿನಲ್ಲಿ ಕೂತು ಓದುವ ಜನ. ಆ ವೇಷದ ಸೊಪ್ಪು ಎಲ್ಲಿಂದ ಬಂತು ಗೊತ್ತುಂಟಾ? ಹಿಂದೆ ಕೊರಗ ಹೆಂಗಸರು ಸೊಪ್ಪು ಉಡುತ್ತಿದ್ದುದನ್ನು ಬ್ರಿಟಿಷ್ ಕಾಲದ ಬರಹಗಳು ದಾಖಲಿಸಿವೆ. ಅಂಥ ಬಡತನಕ್ಕೆ, ಅಂಥ ಕಟ್ಟಳೆಗೆ ಅವರನ್ನು ತಳ್ಳಿದ್ದು ಈ ಸಮಾಜ. ಆಮೇಲೆ ಅದನ್ನೇ ಉಟ್ಟು ನಕ್ಕದ್ದೂ ಇದೇ ಸಮಾಜ.

ಅದು ಸೊಪ್ಪಿಗೇ ನಿಲ್ಲಲಿಲ್ಲ. ಅಜಲು ಎಂಬ ಪದ್ಧತಿಯಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಕಂಬಳ ಶುರುವಾಗುವ ಮೊದಲು ಕೋಣಗಳಂತೆ ಅವರನ್ನು ಓಡಿಸುತ್ತಿದ್ದರು. ಇದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಒಂದು ಸಮುದಾಯದ ಹೆಸರು ಹೇಳಿ, ಅವರನ್ನು ಮನುಷ್ಯರಂತೆ ಕಾಣಿ ಎಂದು ಕಾನೂನು ಬರೆಯಬೇಕಾಗಿ ಬಂದ ಜಿಲ್ಲೆಗಳು ನಮ್ಮವು. ಅಷ್ಟಮಿ ಹತ್ತಿರ ಬಂದಾಗ ಕೊರಗ ವೇಷ ಹಾಕಬಾರದೆಂದು ಅಧಿಕಾರಿಗಳು ಎಚ್ಚರಿಸಿದ್ದೂ ಉಂಟು, ಕೊರಗ ಸಂಘಟನೆಗಳು ವರ್ಷಗಳಿಂದ ವಿರೋಧಿಸಿದ್ದೂ ಉಂಟು.

ನಮ್ಮ ಜೊತೆ ಓದಿದ ಒಬ್ಬ ಗೆಳೆಯ ಅಷ್ಟಮಿಯ ದಿನ ಉಡುಪಿಗೆ ಬರುತ್ತಿರಲಿಲ್ಲ. ಮೊಸರು ಕುಡಿಕೆ ನೋಡಲು ಬಾ ಎಂದು ಮೂರು ವರ್ಷ ಕರೆದಿದ್ದೇವೆ. ಏನಾದರೂ ನೆಪ ಹೇಳುತ್ತಿದ್ದ. ಕೋರ್ಸು ಮುಗಿಯುವ ಹೊತ್ತಿಗೆ ಕಾರಣ ಗೊತ್ತಾಯಿತು. ಗುಂಪಿನಲ್ಲಿ ಯಾವನೋ ಮಸಿ ಬಳಿದುಕೊಂಡು ಎದುರಿಗೆ ಬಂದರೆ ತಾನು ಎಲ್ಲಿ ನೋಡಬೇಕು ಎಂಬುದು ಅವನ ಹೆದರಿಕೆ. ಇಡೀ ಊರು ನಗುವ ದಿನ ಅವನೊಬ್ಬ ಮನೆಯೊಳಗೆ. ನಾವು ಪತ್ರಿಕೋದ್ಯಮ ಓದುತ್ತಿದ್ದವರು, ಮೂರು ವರ್ಷ ನಮಗೆ ಅದು ಹೊಳೆಯಲೇ ಇಲ್ಲ.

ದೈವಕ್ಕೆ ಒಂದು ನ್ಯಾಯ, ಮನುಷ್ಯನಿಗೆ ಇನ್ನೊಂದು

2022ರಲ್ಲಿ 'ಕಾಂತಾರ' ಬಂದ ಮೇಲೆ ಸ್ಟೇಜು, ಶಾಲಾ ವಾರ್ಷಿಕೋತ್ಸವ, ರೀಲ್ಸ್ ಎಲ್ಲ ಕಡೆ ದೈವದ ಅನುಕರಣೆ ಶುರುವಾಯಿತು. ನಮ್ಮ ಜಿಲ್ಲೆಗಳ ಜನ ಸಿಟ್ಟಾದರು. 2025ರ ಅಕ್ಟೋಬರಿನಲ್ಲಿ 'ಕಾಂತಾರ: ಚಾಪ್ಟರ್ 1' ಬಂದಾಗ ಚಿತ್ರಮಂದಿರಕ್ಕೇ ದೈವದ ವೇಷದಲ್ಲಿ ಬಂದವರಿದ್ದರು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಮನವಿ ಮಾಡಿತು. ಸರಿಯಾದ ಮಾತು. ದೈವ ಫ್ಯಾನ್ಸಿ ಡ್ರೆಸ್ ಅಲ್ಲ.

ಹಾಗಾದರೆ ಕೊರಗ ಫ್ಯಾನ್ಸಿ ಡ್ರೆಸ್ಸಾ?

ಕೊರಗಜ್ಜನ ಕಟ್ಟೆಯಲ್ಲಿ ಚಕ್ಕುಲಿ, ವೀಳ್ಯ ಇಟ್ಟು, ಕಳೆದುಹೋದ ಚಿನ್ನ ಸಿಗಲಿ ಅಜ್ಜ ಎಂದು ಕೈ ಮುಗಿಯುತ್ತೇವೆ. ಕಾರಿನ ಹಿಂದೆ ಅವನ ಹೆಸರು ಬರೆಸುತ್ತೇವೆ. ಆ ಅಜ್ಜನ ಮೊಮ್ಮಕ್ಕಳ ವೇಷ ಹಾಕಿ ನಗುತ್ತೇವೆ. ಹುಬಾಶಿಕ ಎಂಬ ಕೊರಗ ಅರಸ ಹಿಂದೆ ಈ ಸೀಮೆಯನ್ನು ಆಳಿದ್ದ, ಅವನ ಕಾಲ ಮುಗಿದ ಮೇಲೆ ಅವನ ಜನವನ್ನು ಕಾಡಿಗಟ್ಟಿದರು ಎಂಬ ಐತಿಹ್ಯ ಉಂಟು. ರಾಜ್ಯ ಕಳೆದುಕೊಂಡ ಬಲೀಂದ್ರನನ್ನು ಗದ್ದೆಯಲ್ಲಿ ದೀಪ ಹಿಡಿದು ಕರೆಯುವ ನಾವು, ರಾಜ್ಯ ಕಳೆದುಕೊಂಡರು ಎಂದು ನಮ್ಮದೇ ಕತೆಗಳು ಹೇಳುವ ಜನ ಅಂಗಳಕ್ಕೆ ಬಂದಾಗ ಹೇಗೆ ನಡೆದುಕೊಂಡೆವು?

ಉತ್ತರಗಳು ನಮಗೆ ಗೊತ್ತು. 'ಅದು ಹರಕೆ' ಎನ್ನುತ್ತಾರೆ. ಇನ್ನೊಬ್ಬನನ್ನು ಕೀಳು ಮಾಡಿ ತೀರಿಸುವ ಹರಕೆ ಯಾವ ದೇವರಿಗೆ ಬೇಕು? ಹರಕೆಗೆ ಹುಲಿ ಉಂಟಲ್ಲ. 'ಬರೀ ತಮಾಷೆ' ಎನ್ನುತ್ತಾರೆ. ತಮಾಷೆ ಎಂದು ಹೇಳುವ ಹಕ್ಕು ನಕ್ಕವನಿಗಲ್ಲ, ಯಾರ ಬಗ್ಗೆ ನಕ್ಕರೋ ಅವರಿಗೆ. 'ಅವರೇ ಏನೂ ಹೇಳುವುದಿಲ್ಲ' ಎನ್ನುತ್ತಾರೆ. ಹೇಳಿದ್ದಾರೆ. ಸಂಘ ಕಟ್ಟಿ, ಮೆರವಣಿಗೆ ಮಾಡಿ, ಮನವಿ ಕೊಟ್ಟು ಹೇಳಿದ್ದಾರೆ. ಕಿವಿ ನಮ್ಮದು ಮುಚ್ಚಿತ್ತು.

ನಾವು ಬೈಯುವ ಹ್ಯಾಲೋವೀನಿನ ನಾಡಿನಲ್ಲಿಯೂ ಈ ಪ್ರಶ್ನೆ ಬಂದಿತ್ತು. ಅಲ್ಲಿ ಮುಖಕ್ಕೆ ಕಪ್ಪು ಬಳಿದು ಕರಿಯರ ವೇಷ, ತಲೆಗೆ ಗರಿ ಕಟ್ಟಿ ಮೂಲನಿವಾಸಿಗಳ ವೇಷ ಹಾಕುವವರಿದ್ದರು. 2011ರಲ್ಲಿ ಒಹಾಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪೋಸ್ಟರ್ ಮಾಡಿ, ನಮ್ಮ ಬದುಕು ನಿಮ್ಮ ವೇಷ ಅಲ್ಲ ಎಂದು ತಿಳಿಹೇಳಿದರು. ಅದು ದೇಶವಿಡೀ ಚರ್ಚೆಯಾಯಿತು. ಅವರಿಂದ ಕುಂಬಳಕಾಯಿ ತೆಗೆದುಕೊಳ್ಳದಿದ್ದರೆ ಬೇಡ, ಆ ಪೋಸ್ಟರಿನ ಮಾತನ್ನಾದರೂ ತೆಗೆದುಕೊಳ್ಳುವ.

ಗೇಟು ತೆರೆಯುವ ಕೆಲಸ

ಇನ್ನೊಂದು ಮಾತು. ನಮ್ಮ ಹಬ್ಬಗಳು ಸೊರಗುತ್ತಿದ್ದರೆ ಅದಕ್ಕೆ ಕಾರಣ ಮಣಿಪಾಲದ ಹುಡುಗರಲ್ಲ. ತಾಸೆಯ ಶಬ್ದ ಕೇಳಿದರೆ 'ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳು' ಎನ್ನುವವರು ನಾವು. ಗೇಟಿಗೆ ಬೀಗ ಹಾಕಿ, ನಾಯಿ ಬಿಟ್ಟು, ಸಿಸಿಟಿವಿಯಲ್ಲಿ ವೇಷವನ್ನು ನೋಡುವವರು ನಾವು. ಬಲೀಂದ್ರನನ್ನು ಕರೆಯುವ ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡಿ ಮಾರಿದವರೂ ನಾವೇ. ಅರ್ಧ ಮನೆಗಳ ಮಕ್ಕಳು ಮುಂಬಯಿ, ಗಲ್ಫಿನಲ್ಲಿ. ಕೂಗಿದರೆ ಓಗೊಡಲು ಆಚೆ ಬದುವಿನಲ್ಲಿ ಯಾರೂ ಇಲ್ಲ. ಕುಂಬಳಕಾಯಿ ಕಳ್ಳ ಎಂದಾಗ ನಮ್ಮ ಕೈ ಹೆಗಲಿಗೆ ಹೋಗುವುದು ಇದಕ್ಕೇ.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಈ ಸಲ ಮಾರ್ನೆಮಿಗೆ ವೇಷ ಬಂದರೆ ಗೇಟು ತೆರೆಯಿರಿ, ಮಕ್ಕಳನ್ನು ಜಗಲಿಗೆ ಕರೆಯಿರಿ, ಹೆದರಲಿ, ಆಮೇಲೆ ನಗಲಿ. ಕೊರಗ ವೇಷ ಬಂದರೆ ದುಡ್ಡು ಕೊಡಬೇಡಿ, ವಿಡಿಯೋ ಮಾಡಬೇಡಿ, ಇದು ಬೇಡ ಎಂದು ಮುಖಕ್ಕೆ ಹೇಳಿ. ಯುವಕ ಮಂಡಲಗಳು ವೇಷ ಸ್ಪರ್ಧೆಯ ನೋಟಿಸಿನಲ್ಲಿ ಒಂದು ಸಾಲು ಸೇರಿಸಲಿ: ಯಾವುದೇ ಜಾತಿ ಸಮುದಾಯವನ್ನು ಅಣಕಿಸುವ ವೇಷಕ್ಕೆ ಅವಕಾಶ ಇಲ್ಲ. ಒಂದು ಸಾಲು ಅಚ್ಚು ಮಾಡಲು ಎಷ್ಟು ಖರ್ಚು?

ಶಾಲೆಯ ಮಕ್ಕಳು ಕುಂಬಳಕಾಯಿ ಕೊರೆದರೆ ಕೊರೆಯಲಿ. ಆ ಕೂಡಲೇ ಬರುವ ಪರ್ಬಕ್ಕೆ ಅದೇ ಮಕ್ಕಳನ್ನು ಗದ್ದೆಗೆ ಕರೆದುಕೊಂಡು ಹೋಗಿ. ಗದ್ದೆ ಇಲ್ಲದಿದ್ದರೆ ಅಂಗಳ, ಅಂಗಳ ಇಲ್ಲದಿದ್ದರೆ ತಾರಸಿ. ದೀಪ ಹಚ್ಚಿ, ರಾಜ್ಯ ಕಳೆದುಕೊಂಡ ಅರಸನ ಕತೆ ಹೇಳಿ 'ಕೂ' ಎಂದು ಕೂಗಿಸಿ.

ನಮ್ಮ ಆ ಗೆಳೆಯನನ್ನು ಈ ಬಾರಿ ಮತ್ತೆ ಕರೆದಿದ್ದೇವೆ. ಬರುವುದು ಬಿಡುವುದು ಅವನಿಗೆ ಬಿಟ್ಟದ್ದು. ಅವನು ಬರಬಹುದಾದ ಹಬ್ಬ ಮಾಡುವುದು ನಮ್ಮ ನಿಮ್ಮ ಕೆಲಸ.